ರಸ್ತೆಯ ರೇಸ್: ದಂಡ ಕಟ್ಟಿ ಮರೆಯುವ ತಪ್ಪಲ್ಲ

ವಾರಾಂತ್ಯದ ಮಧ್ಯರಾತ್ರಿ ಕಳೆದ ಮೇಲೆ ಬೆಂಗಳೂರಿನ ವರ್ತುಲ ರಸ್ತೆಯ ಇಲ್ಲವೇ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ವಾಸಿಸುವವರಿಗೆ ಆ ಸದ್ದು ಚಿರಪರಿಚಿತ. ಸೈಲೆನ್ಸರ್ ಮಾರ್ಪಡಿಸಿಕೊಂಡ ಬೈಕುಗಳು ಒಂದರ ಹಿಂದೊಂದು ಕಿವಿಗಡಚಿಕ್ಕುವಂತೆ ಹಾದುಹೋಗುತ್ತವೆ. ಮುಂದಿನ ಚಕ್ರವನ್ನು ಮೇಲೆತ್ತಿ ಓಡಿಸುವ ‘ವ್ಹೀಲಿ’ಯನ್ನು ಜೊತೆಗಾರನೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸುತ್ತಾನೆ. ಎಲ್ಲವೂ ಸುಸೂತ್ರವಾಗಿ ನಡೆದರೆ ಗೆಳೆಯರ ಮೆಚ್ಚುಗೆ. ಸಿಕ್ಕಿಬಿದ್ದರೆ ಒಂದಿಷ್ಟು ದಂಡ. ಆಯ ತಪ್ಪಿದರೆ ಸಾವು. ಆ ಸಾವು ಸವಾರನದೇ ಆಗಿರಬೇಕೆಂದೇನೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ನೌಕರನದಾಗಿರಬಹುದು, ನಸುಕಿನಲ್ಲಿ ಪೊರಕೆ ಹಿಡಿದು ನಿಂತ ಪೌರಕಾರ್ಮಿಕ ಮಹಿಳೆಯದಾಗಿರಬಹುದು.

ಇದನ್ನು ಹುಡುಗುಬುದ್ಧಿಯೆಂದು ತಳ್ಳಿಹಾಕುವ ಮನೋಭಾವ ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿಯೂ ಇದೆ. ಸಿಗ್ನಲ್ ದಾಟಿದಂತೆ, ಹೆಲ್ಮೆಟ್ ಮರೆತಂತೆ ಇದೂ ಒಂದು ಸಂಚಾರ ನಿಯಮದ ಉಲ್ಲಂಘನೆ. ದಂಡ ಕಟ್ಟಿದರೆ ಮುಗಿಯಿತು ಎಂಬುದು ಹಲವರ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ. ಅದು ಏನು ಹೇಳುತ್ತದೆ, ಹೇಳಿದ್ದು ಏಕೆ ನಡೆಯುತ್ತಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಪರಿಶೀಲಿಸುವ ಅಗತ್ಯವಿದೆ.

1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ರೇಸ್ ಅಥವಾ ವೇಗಪರೀಕ್ಷೆ ನಡೆಸುವುದನ್ನು ಅಪರಾಧವೆಂದು ಸಾರುತ್ತದೆ. ಭಾಗವಹಿಸುವವರಷ್ಟೇ ಅಲ್ಲ, ಅದಕ್ಕೆ ಅವಕಾಶ ಮಾಡಿಕೊಟ್ಟವರೂ ಹೊಣೆಗಾರರು. 2019ರ ತಿದ್ದುಪಡಿಗೆ ಮುನ್ನ ಇದರ ಶಿಕ್ಷೆ ಒಂದು ತಿಂಗಳ ಸೆರೆವಾಸ ಅಥವಾ 500 ರೂಪಾಯಿ ದಂಡದ ಮಿತಿಯಲ್ಲಿತ್ತು. ಈಗ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸ, 10,000 ರೂಪಾಯಿ ದಂಡ. ಅಪಾಯಕಾರಿ ಚಾಲನೆಗೆ ಸಂಬಂಧಿಸಿದ 184ನೇ ಕಲಂ ಇನ್ನೂ ಕಠಿಣ. ಮೊದಲ ಬಾರಿಗೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ ಹಾಕಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇವುಗಳ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ದುಡುಕಿನ ಚಾಲನೆಗೆ ಪ್ರತ್ಯೇಕ ಮೊಕದ್ದಮೆ ಹೂಡಬಹುದು.

ಜೀವಹಾನಿಯಾದರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಹಳೆಯ ದಂಡ ಸಂಹಿತೆಯ 304-ಎ ಕಲಮಿನಡಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಗರಿಷ್ಠ ಎರಡು ವರ್ಷಗಳ ಶಿಕ್ಷೆಯಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು ಐದು ವರ್ಷಗಳಿಗೆ ಏರಿಸಿದೆ. ಅದಕ್ಕೂ ಮಿಗಿಲಾಗಿ, ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂಬ ಅರಿವು ಚಾಲಕನಿಗೆ ಇತ್ತೆಂದು ಸಾಬೀತಾದರೆ ಅದು ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ಮಾನವಹತ್ಯೆ. ಅದಕ್ಕೆ ಹತ್ತು ವರ್ಷಗಳವರೆಗೆ ಶಿಕ್ಷೆಯಿದೆ. 2006ರ ನವೆಂಬರ್‌ನಲ್ಲಿ ಮುಂಬೈಯ ಕಾರ್ಟರ್ ರಸ್ತೆಯಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಏಳು ಮಂದಿ ಕಾರಿನಡಿ ಸಿಲುಕಿ ಸತ್ತಾಗ ವಿಚಾರಣಾ ನ್ಯಾಯಾಲಯ ನೀಡಿದ್ದು ಆರು ತಿಂಗಳ ಶಿಕ್ಷೆ. ಹೈಕೋರ್ಟ್ ಅದನ್ನು ಮಾನವಹತ್ಯೆಯೆಂದು ಪರಿಗಣಿಸಿ ಮೂರು ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜನಸಂಚಾರದ ರಸ್ತೆಯಲ್ಲಿ ಪಂದ್ಯಕ್ಕೆ ಇಳಿದವನು ‘ನನಗೆ ಅಪಾಯದ ಅರಿವಿರಲಿಲ್ಲ’ ಎಂದು ವಾದಿಸುವುದು ಸುಲಭವಲ್ಲ. ಅಪಾಯವೇ ಆ ಆಟದ ರುಚಿಯಲ್ಲವೇ?

ಚಾಲಕ ಅಪ್ರಾಪ್ತನಾಗಿದ್ದರೆ ಹೊಣೆ ಮನೆಯ ಬಾಗಿಲಿಗೇ ಬರುತ್ತದೆ. 2019ರಲ್ಲಿ ಸೇರಿಸಲಾದ 199-ಎ ಕಲಂ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದೇ ಭಾವಿಸುತ್ತದೆ. ತಮಗೆ ತಿಳಿಯದೆ ನಡೆಯಿತು, ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆವು ಎಂದು ಸಾಬೀತುಪಡಿಸುವ ಭಾರ ಅವರದೇ. ತಪ್ಪಿದರೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳ ಕಾಲ ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. 2024ರ ಮೇ ತಿಂಗಳಿನಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಾಗ, ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬ ಜಾಮೀನಿನ ಷರತ್ತು ದೇಶದಾದ್ಯಂತ ಆಕ್ರೋಶಕ್ಕೆ ಗುರಿಯಾಯಿತು. ಕೆಲವೇ ದಿನಗಳಲ್ಲಿ ಹುಡುಗನ ತಂದೆಯ ಬಂಧನವೂ ಆಯಿತು.

ಸೆರೆವಾಸಕ್ಕಿಂತ ದೀರ್ಘಕಾಲ ಬೆನ್ನಟ್ಟುವ ಪರಿಣಾಮಗಳೂ ಇವೆ. ಲೈಸೆನ್ಸ್ ಇಲ್ಲದವನಿಂದ ಅಪಘಾತವಾದರೆ, ಸಂತ್ರಸ್ತರಿಗೆ ಪರಿಹಾರ ನೀಡಿದ ವಿಮಾ ಕಂಪನಿ ಆ ಮೊತ್ತವನ್ನು ವಾಹನದ ಮಾಲೀಕನಿಂದ ವಸೂಲು ಮಾಡಬಹುದೆಂಬುದು 2004ರ ಸ್ವರಣ್ ಸಿಂಗ್ ಪ್ರಕರಣದಿಂದೀಚೆಗೆ ಸ್ಥಾಪಿತವಾದ ನ್ಯಾಯ. ನಮ್ಮ ರಾಜ್ಯದ ಅರಸೀಕೆರೆಗೆ ಹೊರಟಿದ್ದ ಕಾರೊಂದು 2014ರಲ್ಲಿ ಮಗುಚಿ ಚಾಲಕ ಮೃತಪಟ್ಟ ಪ್ರಕರಣದಲ್ಲಿ, ಸ್ವಂತ ದುಡುಕಿನಿಂದ ಸತ್ತವನ ಕುಟುಂಬ ವಿಮಾ ಕಂಪನಿಯಿಂದ ಪರಿಹಾರ ಕೇಳುವಂತಿಲ್ಲವೆಂಬ ಹೈಕೋರ್ಟ್ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಮಗನನ್ನು ವಿದೇಶಕ್ಕೆ ಕಳುಹಿಸುವ ಕನಸಿರುವವರು ಇನ್ನೊಂದನ್ನು ನೆನಪಿಡಬೇಕು. ಕ್ರಿಮಿನಲ್ ಮೊಕದ್ದಮೆ ನ್ಯಾಯಾಲಯದಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ಪಡೆಯಲು ಆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ.

ಕಾನೂನು ಇಷ್ಟು ಕಠಿಣವಾಗಿದ್ದರೂ ಪಿಡುಗು ಏಕೆ ನಿಂತಿಲ್ಲ? ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲಿಯೇ ಈ ಪ್ರಶ್ನೆಗೆ ಸರಳವಾದ ಚೌಕಟ್ಟೊಂದನ್ನು ಒದಗಿಸಿದರು. ಅಪರಾಧಿಯ ಲೆಕ್ಕದಲ್ಲಿ ಶಿಕ್ಷೆಯ ಪ್ರಮಾಣದಷ್ಟೇ ಸಿಕ್ಕಿಬೀಳುವ ಸಂಭವವೂ ಮುಖ್ಯ. ಇವೆರಡನ್ನು ಗುಣಿಸಿದಾಗ ಬರುವುದೇ ಅವನ ಪಾಲಿನ ನಿಜವಾದ ಬೆಲೆ. ಪುಸ್ತಕದಲ್ಲಿ ಮೂರು ತಿಂಗಳ ಸೆರೆವಾಸವಿದ್ದು, ಸಿಕ್ಕಿಬೀಳುವ ಸಂಭವ ಶೂನ್ಯಕ್ಕೆ ಹತ್ತಿರವಾಗಿದ್ದರೆ ಗುಣಲಬ್ಧವೂ ಶೂನ್ಯಕ್ಕೆ ಹತ್ತಿರವೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವುಗಳಲ್ಲಿ ಶೇ 71ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣ. 2019ರ ದಂಡ ಹೆಚ್ಚಳದ ನಂತರದ ಅಂಕಿ ಇದು. ದಂಡದ ಪಟ್ಟಿಯನ್ನು ಉದ್ದ ಮಾಡಿದ ಮಾತ್ರಕ್ಕೆ ರಸ್ತೆ ಸುರಕ್ಷಿತವಾಗುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ಸಾವುಗಳ ಸರಣಿ ಆತಂಕ ಹುಟ್ಟಿಸಿತ್ತು. ವೇಗ ಅಳೆಯುವ ಸಾಧನಗಳು, ಕ್ಯಾಮೆರಾಗಳು ಬಂದು, ತಪ್ಪಿಗೆ ನೋಟಿಸು ಬಂದೇ ಬರುತ್ತದೆಂಬುದು ಚಾಲಕರಿಗೆ ಮನವರಿಕೆಯಾದ ಮೇಲೆ ಸಾವುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಅಲ್ಲಿ ಕಾಯ್ದೆ ಬದಲಾಗಲಿಲ್ಲ, ಬದಲಾದದ್ದು ಖಚಿತತೆ. ಇದರ ಬದಲು ಸುಲಭದ ದಾರಿ ಹಿಡಿಯುವುದೂ ಉಂಟು. 2022ರಲ್ಲಿ ನೈಸ್ ರಸ್ತೆಯಲ್ಲಿ ರಾತ್ರಿ ವೇಳೆ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಯಿತು. ಇಂತಹ ಕ್ರಮದಿಂದ ಕೆಲವು ಜೀವಗಳು ಉಳಿದಿರಬಹುದು. ಆದರೆ ತಪ್ಪು ಮಾಡಿದ ಕೆಲವರನ್ನು ಹಿಡಿಯಲಾಗದೆ ತಪ್ಪು ಮಾಡದ ಎಲ್ಲರಿಗೂ ರಸ್ತೆ ಮುಚ್ಚುವುದು ಆಡಳಿತದ ಸೋಲಿನ ಒಪ್ಪಿಗೆಯೇ ಸರಿ.

ಇನ್ನೊಂದು ರಂಧ್ರ ಕಾಯ್ದೆಯ ಒಳಗೇ ಇದೆ. 200ನೇ ಕಲಂ, ನ್ಯಾಯಾಲಯದ ಮೆಟ್ಟಿಲೇರದೆ ದಂಡ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ರೇಸನ್ನೂ ಸೇರಿಸಿದೆ. ಅಂದರೆ ಸೆರೆವಾಸಕ್ಕೆ ಅರ್ಹವಾದ ಕೃತ್ಯವೊಂದು ರಸೀದಿಯೊಂದರಲ್ಲಿ ಮುಗಿದುಹೋಗಬಹುದು. ಉಳ್ಳವರ ಮಗನಿಗೆ ಅದು ರೇಸಿನ ಪ್ರವೇಶ ಶುಲ್ಕವಷ್ಟೇ. ಗಂಗಾವತಿಯ ವ್ಹೀಲಿ ಪ್ರಕರಣವೊಂದರಲ್ಲಿ 2025ರ ಮೇ ತಿಂಗಳಿನಲ್ಲಿ ಜಾಮೀನು ನಿರಾಕರಿಸಿದ ರಾಜ್ಯ ಹೈಕೋರ್ಟ್, ಈ ಪಿಡುಗನ್ನು ಹತ್ತಿಕ್ಕಲು ಈಗಿನ ಅವಕಾಶಗಳು ಸಾಲವೆಂದು ಅಭಿಪ್ರಾಯಪಟ್ಟದ್ದು ಗಮನಾರ್ಹ.

ಆದರೆ ಸಂಸತ್ತು ಹೊಸ ಕಾಯ್ದೆ ಮಾಡುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಯಾವ ಅಧಿಕಾರಿ, ಎಷ್ಟು ಮೊತ್ತಕ್ಕೆ ರಾಜಿ ಮಾಡಬಹುದೆಂದು ಅಧಿಸೂಚನೆ ಹೊರಡಿಸುವ ಅಧಿಕಾರ ರಾಜ್ಯ ಸರ್ಕಾರದ್ದೇ. ದಂಡದ ಜೊತೆಗೆ ಸಮುದಾಯ ಸೇವೆಯನ್ನು ಕಡ್ಡಾಯ ಮಾಡಲೂ ಅದೇ ಕಲಂ ಅವಕಾಶ ನೀಡುತ್ತದೆ. ರೇಸ್ ಪ್ರಕರಣಗಳನ್ನು ರಾಜಿಯಿಂದ ಹೊರಗಿಡಲಿ. ಅದಾಗದಿದ್ದರೆ ಸರ್ಕಾರಿ ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ಕೆಲವು ವಾರಾಂತ್ಯಗಳ ಸೇವೆಯನ್ನಾದರೂ ವಿಧಿಸಲಿ. 206ನೇ ಕಲಂ ಇಂತಹ ಚಾಲಕನ ಲೈಸೆನ್ಸ್ ವಶಪಡಿಸಿಕೊಂಡು ಸಾರಿಗೆ ಪ್ರಾಧಿಕಾರಕ್ಕೆ ಕಳುಹಿಸಬೇಕೆಂದು ಹೇಳುತ್ತದೆ. ಹೀಗೆ ಹೋದ ಲೈಸೆನ್ಸುಗಳೆಷ್ಟು, ಅಮಾನತಾದುವೆಷ್ಟು ಎಂಬುದನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟಿಸಲಿ. ಎರಡು ಇಲಾಖೆಗಳ ನಡುವಿನ ಕಡತ ಎಲ್ಲಿ ನಿಲ್ಲುತ್ತದೆಂಬುದು ಸರ್ಕಾರಿ ಸೇವೆಯಲ್ಲಿ ವರ್ಷಗಟ್ಟಲೆ ಕಳೆದ ನನ್ನಂಥವರಿಗೆ ಗೊತ್ತಿರುವ ಸಂಗತಿ. ಅಂಕಿಗಳು ಬಹಿರಂಗವಾದರೆ ಕಡತಕ್ಕೆ ಕಾಲು ಬರುತ್ತದೆ.

ಯೌವನದ ಒಂದು ತಪ್ಪಿಗೆ ಬದುಕನ್ನೇ ಹಾಳುಮಾಡಬೇಕೇ ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕಾಗಿಯೇ ಮೊದಲ ತಪ್ಪಿನಲ್ಲಿಯೇ, ರಕ್ತ ಹರಿಯುವ ಮೊದಲೇ, ಚಿಕ್ಕದಾದರೂ ಖಚಿತವಾದ ಶಿಕ್ಷೆ ಆಗಬೇಕು. ಆರು ತಿಂಗಳು ಲೈಸೆನ್ಸ್ ಕಳೆದುಕೊಂಡ ಹುಡುಗನಿಗೆ ಮುಂದೆ ಹತ್ತು ವರ್ಷಗಳ ಸೆರೆವಾಸ ತಪ್ಪಬಹುದು. ವೇಗದ ಹಂಬಲವೂ ಪಾಪವಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಬಳಿಯ ಕರಿ ರೇಸ್ ಪಥಗಳಲ್ಲಿ ನಿಯಮಬದ್ಧ ಸ್ಪರ್ಧೆಗಳು ನಡೆಯುತ್ತವೆ. ಮೋಟಾರು ಕ್ರೀಡೆಯ ಅಭಿಮಾನಿಗಳು ಇಷ್ಟೊಂದಿರುವ ಬೆಂಗಳೂರಿನ ಸಮೀಪವೂ ಅಂಥ ಸುರಕ್ಷಿತ ಪಥವೊಂದು ಏಕಿರಬಾರದು?

ಕೊನೆಯಲ್ಲಿ, ಹದಿನಾರರ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವವರು ಪೊಲೀಸರಲ್ಲ, ನ್ಯಾಯಾಧೀಶರೂ ಅಲ್ಲ. ಪರೀಕ್ಷೆಯ ಅಂಕ ಹೆಚ್ಚಿದ್ದಕ್ಕೆ ಬಹುಮಾನವೆಂದು ಕೊಟ್ಟ ಆ ಕೀಲಿ ಯಾರದೋ ಮನೆಯ ದೀಪ ಆರಿಸಿದ ಮೇಲೆ ವಕೀಲರ ಮನೆಗೆ ಅಲೆಯುವುದಕ್ಕಿಂತ, ಎರಡು ವರ್ಷ ಕಾಯುವಂತೆ ಹೇಳುವುದು ಎಷ್ಟೋ ಸುಲಭ.