‘ಏನೂ ಇಲ್ಲ’ ಎಂಬ ಮಾತು ಸಾಲದು

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿಯು ದಿನಂಪ್ರತಿ ವಾಹಿನಿಗಳಲ್ಲಿ ಬರತೊಡಗಿದಾಗ, ಜಯದೇವ ಆಸ್ಪತ್ರೆಯ ಮುಂದೆ ಮುಂಜಾನೆಯೇ ಜನರ ಸಾಲು ನಿಂತುದನ್ನು ನಾವೆಲ್ಲರೂ ಕಂಡೆವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಬಳಿಕವೂ ಹೀಗೆಯೇ ಆಗಿತ್ತು. ಸಾಲಿನಲ್ಲಿ ನಿಂತವರು ಅವಿವೇಕಿಗಳೆಂದು ನಾನು ಹೇಳಲಾರೆ. ಮಧುಮೇಹ, ರಕ್ತದೊತ್ತಡ, ತಂಬಾಕಿನ ಅಭ್ಯಾಸ ಇದ್ದವರಿಗೆ ತಪಾಸಣೆ ಬೇಕೇ ಬೇಕು. ನನ್ನ ಮಾತು, ದೋಷವಿಲ್ಲವೆಂದು ವರದಿ ಬಂದ ಮೇಲೂ ಮರುವಾರ ಮತ್ತೊಂದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರ ಕುರಿತಾದದ್ದು.

ಇಂಥವರನ್ನು ನಾನು ಮೂವತ್ತು ವರ್ಷಗಳ ಕಾಲ ಒಂದೇ ಮಾತು ಹೇಳಿ ಕಳುಹಿಸಿದೆ: “ಏನೂ ಇಲ್ಲ, ಧೈರ್ಯದಿಂದಿರಿ.” ಆ ಮಾತು ಎಷ್ಟು ಹಗುರವಾದುದೆಂದು ನನಗೆ ತಿಳಿದದ್ದು 2021ರ ಮೇ ತಿಂಗಳ ಒಂದು ರಾತ್ರಿ. ಕೊರೋನಾದ ಎರಡನೆಯ ಅಲೆಯಲ್ಲಿ ಪರಿಚಿತರ ಸಾವಿನ ಸುದ್ದಿ ಕೇಳಿ ಕೇಳಿ ಮಲಗಿದ್ದೆ. ನಡುರಾತ್ರಿ ಎಚ್ಚರವಾದಾಗ ಎದೆ ನಗಾರಿಯಂತೆ ಬಡಿಯುತ್ತಿತ್ತು. ಉಸಿರು ಸಾಲದು, ಬೆರಳ ತುದಿಗಳಲ್ಲಿ ಜುಮುಜುಮು, ಅಂಗೈಯಲ್ಲಿ ಬೆವರು. ಪ್ರಾಣ ಹೋಗುತ್ತಿದೆಯೆಂದೇ ನಿಶ್ಚಯಿಸಿದೆ. ಮಗ ಆಸ್ಪತ್ರೆಗೆ ಕರೆದೊಯ್ದ. ಇಸಿಜಿ, ರಕ್ತಪರೀಕ್ಷೆ ಎರಡೂ ಸರಿಯಾಗಿದ್ದವು. ಅಲ್ಲಿನ ತರುಣ ವೈದ್ಯರು ನಗುತ್ತ ಅಂದರು: “ಏನೂ ಇಲ್ಲ, ಧೈರ್ಯವಾಗಿರಿ ಸರ್.”

ಮುಂದಿನ ಮೂರು ತಿಂಗಳು ನಾನು ರಕ್ತದೊತ್ತಡದ ಯಂತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಅಂಕಿ ಸರಿಯಿದ್ದರೆ ಅರ್ಧ ಗಂಟೆ ನೆಮ್ಮದಿ. ಆಮೇಲೆ ಮತ್ತೆ ಶಂಕೆ. ನಾಡಿ ಹಿಡಿದು ಬದುಕಿದವನು ತನ್ನ ನಾಡಿಯನ್ನೇ ನಂಬದ ಸ್ಥಿತಿಗೆ ಬಂದಿದ್ದೆ.

ಆ ರಾತ್ರಿ ಆದದ್ದೇನು? ಅಪಾಯವಿದೆಯೆಂದು ಮನಸ್ಸು ಭಾವಿಸಿದೊಡನೆ ದೇಹವು ಅಡ್ರಿನಾಲಿನ್ ಸ್ರಾವವನ್ನು ಹೆಚ್ಚಿಸುತ್ತದೆ, ಎದೆಬಡಿತ ಏರುತ್ತದೆ. ಗಾಬರಿಯಿಂದ ಬೇಗಬೇಗನೆ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗಿ ತಲೆ ತಿರುಗುತ್ತದೆ, ಬೆರಳು ತುಟಿಗಳು ಜುಮುಗುಡುತ್ತವೆ. ಈ ಲಕ್ಷಣಗಳನ್ನೇ ಕಂಡು ಮನಸ್ಸು ಇನ್ನಷ್ಟು ಹೆದರುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ಶಿಖರ ಮುಟ್ಟಿ, ಬಳಿಕ ತಾನಾಗಿಯೇ ಇಳಿಯುತ್ತದೆ. ಅನುಭವ ಸುಳ್ಳಲ್ಲ, ಅದಕ್ಕೆ ನಾವು ಕೊಟ್ಟ ಅರ್ಥ ಮಾತ್ರ ತಪ್ಪು. ‘ಏನೂ ಇಲ್ಲ’ ಎಂದಾಗ ರೋಗಿಗೆ ತನ್ನನ್ನು ಸುಳ್ಳುಗಾರನೆಂದಂತೆ ಕೇಳಿಸುವುದು ಇದರಿಂದಲೇ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಎದೆಯಲ್ಲಿ ಒತ್ತಿದಂಥ ನೋವು, ಅದು ತೋಳಿಗೋ ದವಡೆಗೋ ಹರಡುವುದು, ಶ್ರಮಪಟ್ಟಾಗ ಹೆಚ್ಚುವುದು, ತಣ್ಣನೆಯ ಬೆವರು, ಇಂಥವು ಕಂಡರೆ, ಅಥವಾ ಹೀಗಾಗುವುದು ಮೊದಲ ಸಲವಾದರೆ, ಮನೆಯಲ್ಲಿ ಕುಳಿತು ಇದು ಭಯವೋ ಹೃದಯವೋ ಎಂದು ತರ್ಕಿಸಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ದೋಷ, ರಕ್ತಹೀನತೆಗಳಿಂದಲೂ ಎದೆ ಹೊಡೆದುಕೊಳ್ಳುವುದುಂಟು; ಅವನ್ನೂ ನೋಡಿಸಬೇಕು. ಒಮ್ಮೆ ಸರಿಯಾಗಿ ಪರೀಕ್ಷೆಯಾದ ಬಳಿಕ, ಹೊಸ ಲಕ್ಷಣವಿಲ್ಲದೆ ಮತ್ತೆ ಮತ್ತೆ ಮಾಡಿಸುವ ಪರೀಕ್ಷೆಯು ಔಷಧವಲ್ಲ, ಭಯಕ್ಕೆ ಹಾಕುವ ಮೇವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಆಯುರ್ವೇದದವರ ತಪ್ಪನ್ನೂ ಮರೆಮಾಚಲಾರೆ. ವಾತಪ್ರಕೋಪವೆಂದು ಹೇಳಿ ಅಶ್ವಗಂಧ, ಬ್ರಾಹ್ಮಿಗಳನ್ನು ಕೊಟ್ಟು ಕೈತೊಳೆದುಕೊಳ್ಳುವುದುಂಟು. ನಾನೂ ಹಾಗೆ ಮಾಡಿದ್ದೇನೆ. ಚರಕ ಸಂಹಿತೆಯು ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳುತ್ತದೆ. ಅದರಲ್ಲಿ ಮೂರನೆಯದಾದ ಸತ್ತ್ವಾವಜಯವೆಂದರೆ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವುದು. ಓದಿ ಪರೀಕ್ಷೆ ಬರೆದ ನಾವು ಅದನ್ನು ಚಿಕಿತ್ಸಾಲಯಕ್ಕೆ ತರಲಿಲ್ಲ. ಇಂದಿನ ಮನೋವೈದ್ಯರು ಆಲೋಚನೆ ಹಾಗೂ ವರ್ತನೆಗಳನ್ನು ತಿದ್ದುವ ಚಿಕಿತ್ಸೆಯಲ್ಲಿ ಕ್ರಮಬದ್ಧವಾಗಿ ಮಾಡುತ್ತಿರುವುದು ಅದಕ್ಕೆ ಬಹಳ ಹತ್ತಿರವಾದುದು. ಅಗತ್ಯವಿದ್ದರೆ ಅವರು ಕೊಡುವ ಮಾತ್ರೆಯನ್ನು ತೆಗೆದುಕೊಳ್ಳಲು, ಅವರನ್ನು ಕೇಳದೆ ಅದನ್ನು ನಿಲ್ಲಿಸದಿರಲು, ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನಾನೂ ಕೊನೆಗೆ ಹೋದದ್ದು ಮನೋವೈದ್ಯರ ಬಳಿಗೇ. ಭಕ್ತಿ ಸಾಲದ್ದಕ್ಕೆ ಹೀಗಾಯಿತೆಂದು ಬಂಧುವೊಬ್ಬರು ಅಂದರು. ಮಧುಮೇಹ ಬಂದವರಿಗೆ ಯಾರಾದರೂ ಹಾಗೆ ಹೇಳುವರೆ?

ಅವರು ಕಲಿಸಿದ್ದು ಸರಳ, ಆದರೆ ಆಚರಣೆ ಕಷ್ಟ. ಭಯದ ಅಲೆ ಬಂದಾಗ ಓಡಬಾರದು. ಇದ್ದಲ್ಲಿಯೇ ಕುಳಿತು, ಒಳಗೆಳೆದುದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಡುತ್ತ, ಅದು ಇಳಿಯುವವರೆಗೆ ಕಾಯಬೇಕು. ನಾಡಿ ನೋಡಿಕೊಳ್ಳಬೇಕೆನಿಸಿದಾಗ ಹತ್ತು ನಿಮಿಷ ಮುಂದೂಡಬೇಕು, ನಾಳೆ ಇಪ್ಪತ್ತು. ಮೊಬೈಲಿನಲ್ಲಿ ರೋಗಲಕ್ಷಣ ಹುಡುಕಬಾರದು. ಕಾಫಿ ತಗ್ಗಿಸಬೇಕು (ಇದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು). ಮನೆಯವರೂ ಗಂಟೆಗೊಮ್ಮೆ “ಈಗ ಹೇಗಿದೆ?” ಎಂದು ಕೇಳದೆ, ಜೊತೆಯಲ್ಲಿ ಒಂದು ಸುತ್ತು ನಡೆದು ಬಂದರೆ ಸಾಕು.

ಯಾರೊಡನೆ ಮಾತಾಡಬೇಕೆಂದು ತಿಳಿಯದವರು ಸರ್ಕಾರದ ಟೆಲಿ-ಮಾನಸ್ ಸೇವೆಗೆ, 14416ಕ್ಕೆ, ಕರೆ ಮಾಡಬಹುದು. ಅದು ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೇ ಮಾತಾಡಬಹುದು.

ನನ್ನ ಯಂತ್ರ ಈಗ ಚಿಕಿತ್ಸಾಲಯದಲ್ಲಿದೆ. ಹಾಸನದ ಸುದ್ದಿ ಬಂದ ವಾರ ಅದನ್ನು ಒಮ್ಮೆ ಚೀಲಕ್ಕೆ ಹಾಕಿಕೊಂಡಿದ್ದೆ. ಬಾಗಿಲ ತನಕ ಬಂದು, ಮರಳಿ ಮೇಜಿನ ಮೇಲಿಟ್ಟೆ.