‘ತೂಕ ಎಷ್ಟ ಇಳೀತು?’ ಅನ್ನುವವರಿಗೆ

ತೂಕ ಇಳಿಸಲು ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡು ಇಳಕಲ್ಲಿನ ಮನೆಗೆ ಮರಳಿ ಐದು ವಾರ ಕಳೆಯಿತು. ನೋಡಲು ಬಂದ ಬೀಗರು, ನೆರೆಯವರು, ನಮ್ಮ ಶಾಲೆಯ ಶಿಕ್ಷಕಿಯರು ಎಲ್ಲರೂ ಕೇಳಿದ್ದು ಒಂದೇ: ‘ತೂಕ ಎಷ್ಟ ಇಳೀತು?’ ನಾಲ್ಕು ಕಿಲೋ ಅಂದರೆ ಮುಖ ಸಪ್ಪಗೆ. ಹಸಿವಾಗುತ್ತದೆ ಅಂದರಂತೂ ತಪ್ಪು ಒಪ್ಪಿಕೊಂಡವಳಂತೆ ನನ್ನನ್ನು ನೋಡುತ್ತಾರೆ. ಎದುರಿಗೆ ಆಡಿದ ಮಾತೂ ಹಿಂದೆ ಆಡಿದ ಮಾತೂ ಕಿವಿಗೆ ಬಿದ್ದಿವೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಇಂಥ ಮಾತಿಗೆ ಅಂಜಿ ನಾಳೆ ಇನ್ನೊಬ್ಬಳು ತನ್ನ ಹಸಿವನ್ನು ವೈದ್ಯರಿಂದಲೂ ಮುಚ್ಚಿಟ್ಟರೆ ಅವಳಿಗೇ ಕೇಡು. ಅದಕ್ಕೇ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದೇನೆ.

1. ‘ಆಪರೇಷನ್ ಆದ ಮ್ಯಾಲೂ ಹಸಿವಿ ಅಂದ್ರ ರೊಕ್ಕ ಹೊಳ್ಯಾಗ ಹಾಕಿದಂಗ.’

ಇದು ಬಾಗಲಕೋಟೆಯ ಮಾವನವರ ಮಾತು. ಮಾವನವರೇ, ಬ್ಯಾಂಡ್ ಅಂದರೆ ಜಠರದ ಮೇಲ್ಭಾಗಕ್ಕೆ ತೊಡಿಸುವ ಸಿಲಿಕೋನ್ ಬಳೆ. ಅದರ ಮೇಲೆ 15ರಿಂದ 30 ಮಿ.ಲೀ. ಹಿಡಿಯುವಷ್ಟು ಪುಟ್ಟ ಚೀಲ ಉಳಿಯುತ್ತದೆ. ಬಳೆಯಿಂದ ಹೊರಟ ಸಣ್ಣ ನಳಿಕೆಯ ತುದಿಗೆ, ಚರ್ಮದ ಕೆಳಗೆ, ಒಂದು ಗುಂಡಿ ಇರುತ್ತದೆ. ಅದಕ್ಕೆ ಸೂಜಿ ಚುಚ್ಚಿ ಸಲೈನ್ ತುಂಬಿದ ಮೇಲೆಯೇ ಬಳೆ ಬಿಗಿಯಾಗುವುದು. ಮೊದಲ ಸಲ ತುಂಬುವುದು ಸಾಮಾನ್ಯವಾಗಿ 4ರಿಂದ 6 ವಾರಗಳ ನಂತರ. ಆರಂಭದ ದಿನಗಳಲ್ಲಿ ನನಗೆ ಹಸಿವೇ ಇರಲಿಲ್ಲ. ಅದು ಒಳಗಿನ ಬಾವಿನಿಂದ. ಬಾವು ಇಳಿಯಿತು, ಹಸಿವು ಮರಳಿತು. ಬಳೆ ಇನ್ನೂ ಸಡಿಲವಾಗಿದೆ. ಕೆಲಸವನ್ನೇ ಶುರುಮಾಡದ ಬಳೆ ಸೋತಿತು ಅನ್ನುವುದು ಹೇಗೆ?

ಮೊದಲೇ ಯಾಕೆ ಬಿಗಿ ಮಾಡುವುದಿಲ್ಲ ಅಂತ ಕೇಳಿದಿರಿ. ಶಸ್ತ್ರಚಿಕಿತ್ಸೆಯ ಗಾಯ ಮಾಗಬೇಕು, ಬಳೆ ಕೂತಲ್ಲೇ ಕೂಡಬೇಕು. ಈ ಹೊತ್ತಿನಲ್ಲಿ ಗಟ್ಟಿ ತಿಂದು ವಾಂತಿಯಾದರೆ ಬಳೆ ಜಾರುವ ಭಯವಿದೆ. ನಮ್ಮೂರ ಮಗ್ಗವನ್ನು ನೀವೂ ನೋಡಿದ್ದೀರಿ. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಾರಲ್ಲ, ಅದು ಮುಗಿಯುವ ಮೊದಲು ಸೆರಗು ಎಷ್ಟು ನೇಯ್ದಿ ಅಂತ ನೇಕಾರನನ್ನು ಯಾರೂ ಕೇಳುವುದಿಲ್ಲ. ನಾನೀಗ ಕೊಂಡಿ ಹಾಕುವ ಹೊತ್ತಿನಲ್ಲಿದ್ದೇನೆ.

2. ‘ಬಾಯಿ ಕಟ್ಟಿದ್ರ ಸಾಕಿತ್ತು. ಅಪ್ಪಾರ ಜೋಳಿಗಿಗೆ ಹಾಕಬೇಕಿತ್ತು ಈ ಚಟಾನ.’

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಜನ್ಮದಿನ ಆಗಸ್ಟ್ 1 ನಾಡಿಗೆಲ್ಲ ವ್ಯಸನಮುಕ್ತ ದಿನ. ಆ ಜೋಳಿಗೆಗೆ ನಾನೂ ಕೈಮುಗಿಯುತ್ತೇನೆ. ಆದರೆ ನೆರೆಮನೆಯ ಅಕ್ಕಾರೆ, ಸೆರೆಯನ್ನು ಜೋಳಿಗೆಗೆ ಹಾಕಿದವನು ಮತ್ತೆಂದೂ ಅದನ್ನು ಮುಟ್ಟದೆ ಬದುಕಬಹುದು. ಅನ್ನವನ್ನು ಹಾಗೆ ಹಾಕಲಾಗುವುದಿಲ್ಲ. ದಿನಾ ಮೂರು ಹೊತ್ತು ಅದರ ಮುಂದೆ ಕೂತು, ನಾಲ್ಕು ತುತ್ತು ಉಂಡು, ಏಳಬೇಕು. ಬಾಯಿ ಕಟ್ಟಿದಷ್ಟೂ ಹಸಿವಿನ ಹಾರ್ಮೋನು ಗ್ರೆಲಿನ್ ಏರುತ್ತದೆ. ಮೈ ತನ್ನ ಹಳೆಯ ತೂಕಕ್ಕೆ ಮರಳಲು ಹೋರಾಡುತ್ತದೆ. ನಾನು ಹತ್ತು ವರ್ಷ ಬಾಯಿ ಕಟ್ಟಿ ನೋಡಿಯೇ ಈ ದಾರಿ ಹಿಡಿದದ್ದು. ಈಗಲೂ ಸಂಯಮ ಬೇಕು. ಹಸಿವು ಅನ್ನಿಸಿದಾಗ ಮೊದಲು ನೀರು ಗುಟುಕರಿಸಿ ಹತ್ತು ನಿಮಿಷ ಕಾಯುತ್ತೇನೆ. ಬೇಸರದ್ದಾದರೆ ಅಷ್ಟರಲ್ಲಿ ಅಡಗುತ್ತದೆ. ಹೊಟ್ಟೆಯದಾದರೆ ಮತ್ತೆ ಕೂಗುತ್ತದೆ, ಆಗ ಉಣ್ಣುತ್ತೇನೆ.

3. ‘ನಮ್ಮ ಓಣಿಯಾಕಿ ತಿಂಗಳದಾಗ ಅರ್ಧಾ ಆಗ್ಯಾಳ.’

ಬಾದಾಮಿಯ ತಂಗಿ ಹೇಳಿದಾಕೆ ಮಾಡಿಸಿಕೊಂಡದ್ದು ಸ್ಲೀವ್ ಶಸ್ತ್ರಚಿಕಿತ್ಸೆ. ಅದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೂ ಅದರ ಜೊತೆಗೇ ಹೋಗುತ್ತದೆ. ಹಸಿವು ಬೇಗ ಕುಗ್ಗುತ್ತದೆ, ತೂಕ ಬೇಗ ಇಳಿಯುತ್ತದೆ. ಬ್ಯಾಂಡಿನಲ್ಲಿ ಜಠರವನ್ನು ಕತ್ತರಿಸಿ ತೆಗೆಯುವುದಿಲ್ಲ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಅದೇ ಸರಿಯಾದ ನಡಿಗೆ. ಎರಡು ದಾರಿಗಳನ್ನು ಒಂದೇ ಮೊಳದಿಂದ ಅಳೆಯಬೇಡ ತಂಗಿ.

4. ‘ಪ್ರಸಾದ ಒಲ್ಲೆ ಅನ್ನಬಾರದು, ಎರಡ ತುತ್ತಿಗೆ ಏನಾಗ್ತದ?’

ಕೂಡಲಸಂಗಮದ ಮಗ್ಗುಲಿನ ಹುನಗುಂದ ಸೀಮೆಯಲ್ಲಿ ಉಣ್ಣಿಸುವುದೇ ಪ್ರೀತಿ. ಅತ್ತೆಯವರ ಕಣ್ಣೀರು ನನಗೆ ಅರ್ಥವಾಗುತ್ತದೆ. ಆದರೆ ನೀಡಿಸಿಕೊಂಡು ಚೆಲ್ಲಬಾರದು ಅನ್ನುವುದೂ ಪ್ರಸಾದದ ನೇಮವೇ. ಬೇಕಾದಷ್ಟೇ ನೀಡಿಸಿಕೊಳ್ಳುವುದು ಅದಕ್ಕೆ ಒಪ್ಪುವ ನಡತೆ. ನನ್ನ ಊಟಕ್ಕೂ ಈಗ ಒಂದು ಕ್ರಮವಿದೆ: ಮೊದಲೆರಡು ವಾರ ಹೆಸರುಬೇಳೆಯ ಕಟ್ಟು, ತೆಳು ಮಜ್ಜಿಗೆ. ಮುಂದಿನೆರಡು ವಾರ ನುಣ್ಣಗೆ ರುಬ್ಬಿದ ಬೇಳೆ, ಮಿದ್ದ ನುಚ್ಚು. ಈಗ ಮೆತ್ತನೆಯ ಊಟ. ಖಡಕ್ ರೊಟ್ಟಿಗೆ ಇನ್ನೂ ಹೊತ್ತಿದೆ. ಆ ಎರಡು ತುತ್ತು ಚೀಲದ ಬಾಯಲ್ಲಿ ಸಿಕ್ಕಿಕೊಂಡರೆ ಎದೆ ಹಿಂಡುತ್ತದೆ, ಉಂಡದ್ದು ಮೇಲೆ ಬರುತ್ತದೆ. ಒಮ್ಮೆ ಅನುಭವಿಸಿದ್ದೇನೆ. ಪ್ರೀತಿಗೆ ಬೇರೆ ದಾರಿ ಇದೆ ಅತ್ತಿ: ನನ್ನ ಜೊತೆ ಅರ್ಧ ತಾಸು ಕೂತು ನಿಧಾನಕ್ಕೆ ಉಣ್ಣಿರಿ.

5. ‘ಕುಡಿಯೂದಕ್ಕೇನ್ ಅಡ್ಡಿ? ಕರದಂಟು ಒಂದ ತುಣುಕ ತಿನ್ನು.’

ದೊಡ್ಡ ಅಡ್ಡಿಯೇ ಇದೆ. ನೀರಾಗಿರುವುದು ಬಳೆಯನ್ನು ದಾಟಿ ಸರ್ರನೆ ಇಳಿಯುತ್ತದೆ. ಸಕ್ಕರೆ ಚಹಾ, ಜ್ಯೂಸು, ಬನಶಂಕರಿ ಜಾತ್ರೆಯ ಐಸ್‌ಕ್ರೀಮು, ಯಾವುದನ್ನೂ ಬಳೆ ತಡೆಯುವುದಿಲ್ಲ. ಅಮೀನಗಡದ ಕರದಂಟು ನಮ್ಮ ಹೆಮ್ಮೆ. ಆದರೆ ಬೆಲ್ಲ, ಅಂಟು, ಒಣಹಣ್ಣು ಸೇರಿದ ತುಣುಕು ಬಳೆಯಲ್ಲಿ ಅಂಟಿಕೊಳ್ಳುವಂಥದ್ದು, ಕ್ಯಾಲೊರಿಯೂ ಬಲು ಹೆಚ್ಚು. ನನಗೀಗ ಬೇಕಾದ್ದು ಬೇಳೆ, ಮೊಸರು, ಮೊಟ್ಟೆಗಳ ಪ್ರೋಟೀನು.

6. ‘ಬ್ಯಾಂಡ್ ಈಗ ಯಾರೂ ಹಾಕಿಸ್ಕೊಳ್ಳೂದಿಲ್ಲ.’

ಈ ಮಾತಿನಲ್ಲಿ ಬಹಳ ಮಟ್ಟಿಗೆ ಸತ್ಯವಿದೆ, ಒಪ್ಪುತ್ತೇನೆ. ಅಮೆರಿಕದಲ್ಲಿ 2001ರಲ್ಲಿ ಪರವಾನಗಿ ಸಿಕ್ಕ ಮೇಲೆ ಬ್ಯಾಂಡ್ ಹಬ್ಬಿತು. ಬಳೆ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ಮತ್ತೆ ಆಪರೇಷನ್ ಬೇಕಾಗುವುದು ಕಂಡ ಮೇಲೆ ಸ್ಲೀವ್ ಅದರ ಜಾಗ ಹಿಡಿಯಿತು. ಹೊಸದಾಗಿ ಯೋಚಿಸುವವರು ಇದನ್ನೆಲ್ಲ ಕೇಳಿ ತಿಳಿದುಕೊಂಡೇ ನಿರ್ಧರಿಸಲಿ. ಆದರೆ ಈಗಾಗಲೇ ಬಳೆ ತೊಟ್ಟವಳಿಗೆ ಈ ಮಾತು ಹೇಳಿ ಎದ್ದು ಹೋದರೆ ಅವಳಿಗೇನು ದಕ್ಕಿತು? ಅವಳಿಗೆ ಬೇಕಾದ್ದು ತಪ್ಪದ ತಪಾಸಣೆ, ನಿಲ್ಲದ ಜೊತೆ.

ಹಸಿವು ಸುಳ್ಳಲ್ಲ, ಸೋಲೂ ಅಲ್ಲ. ಈ ವಾರಗಳಲ್ಲಿ ಅಂಜಬೇಕಾದದ್ದು ಬೇರೆಯದಕ್ಕೆ: ನಿಲ್ಲದ ವಾಂತಿ, ಜ್ವರ, ಎದೆ ಅಥವಾ ಹೊಟ್ಟೆಯ ಕಡುನೋವು, ಗುಟುಕು ನೀರೂ ಇಳಿಯದಿರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಆದ್ದರಿಂದ ಮುಂದಿನ ಸಲ ನೋಡಲು ಬಂದಾಗ ತಕ್ಕಡಿಯ ಲೆಕ್ಕ ಬಿಡಿರಿ. ಬಾಗಿಲಲ್ಲೇ ನಿಂತು ಹೀಗೆ ಕೇಳಿರಿ: ‘ಉಂಡದ್ದು ಸಲೀಸಾಗಿ ಇಳೀತದೇನವಾ?’ ಆ ಪ್ರಶ್ನೆಗೆ ನಾನು ಏನನ್ನೂ ಮುಚ್ಚಿಡದೆ ಉತ್ತರ ಹೇಳುತ್ತೇನೆ.