ಪೇಟೆಂಟ್ ಸತ್ತರೂ ಪಾಕೀಟಿನ ದರ ಏರಿತು



ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎರಿ ಹೊಲಕ್ಕೆ ಹತ್ತಿ ಹೊಸದಲ್ಲ. ಹಿರಿಯರು ಜಯಧರ ಬಿತ್ತುತ್ತಿದ್ದರು, ಅದರ ಬೀಜವನ್ನೇ ಮುಂದಿನ ವರ್ಷಕ್ಕೆ ಎತ್ತಿಡಬಹುದಿತ್ತು. 1981ರಲ್ಲಿ ಧಾರವಾಡದಿಂದ ಡಿಸಿಎಚ್-32 ಬಂತು. ಸಂಕರಣ ಬೀಜ, ವರ್ಷಾ ಕೊಳ್ಳಬೇಕು ಖರೆ. ಆದರೆ ಅದರ ಮೇಲೆ ಯಾರ ಪೇಟೆಂಟೂ ಇರಲಿಲ್ಲ. 2002ರಲ್ಲಿ ಬಿಟಿ ಬಂದ ಮೇಲೆ ಪಾಕೀಟಿನ ಹಣದಲ್ಲಿ ‘ಗುಣದ ಶುಲ್ಕ’ ಎಂಬ ಒಂದು ಪಾಲು ಸೇರಿತು.

ಆ ಶುಲ್ಕಕ್ಕಾಗಿ ಮಾನ್ಸಾಂಟೊ ಮತ್ತು ನುಜಿವೀಡು ಕಂಪನಿಗಳು ದಿಲ್ಲಿ ಹೈಕೋರ್ಟಿನಲ್ಲಿ ಬಡಿದಾಡಿದವು. ವಿಚಾರಣೆ ಮುಗಿಯುವ ಮೊದಲೇ ಎದುರಾಳಿಯ ಬೀಜ ಮಾರಾಟ ನಿಲ್ಲಿಸಿರಿ ಎಂದು ಮಾನ್ಸಾಂಟೊ ತಡೆಯಾಜ್ಞೆ ಬೇಡಿತು. ಇದು ಕೇಳಿದವರಿಗೆಲ್ಲ ಸಿಗುವ ಪರಿಹಾರವಲ್ಲ. 2017ರ ಮಾರ್ಚ್ 28ರಂದು ಏಕಸದಸ್ಯ ಪೀಠ ಮಾರಾಟ ನಿಲ್ಲಿಸಲಿಲ್ಲ. ಸರ್ಕಾರ ಗೊತ್ತುಮಾಡಿದ ಶುಲ್ಕ ಕೊಟ್ಟು ನಡೆಯಿರಿ ಎಂದಿತು. ಆ ಆಜ್ಞೆ ಸಿಕ್ಕಿದ್ದರೆ ಮುಂಗಾರಿಗೆ ಅಂಗಡಿಯಲ್ಲಿ ಬೀಜಕ್ಕೆ ಪರದಾಡುವವರು ನಾವೇ. ಆದರೂ ಆ ಕಟ್ಟೆಯಲ್ಲಿ ನಮ್ಮನ್ನು ಕೇಳಿದವರಿಲ್ಲ.

2018ರ ಏಪ್ರಿಲ್‌ನಲ್ಲಿ ವಿಭಾಗೀಯ ಪೀಠ ಪೇಟೆಂಟನ್ನೇ ತಳ್ಳಿಹಾಕಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪು ರದ್ದುಮಾಡಿ, ಪೂರ್ಣ ವಿಚಾರಣೆ ನಡೆಸಿರಿ ಎಂದು ಮರಳಿ ಕಳಿಸಿತು. ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟಿನ ಅವಧಿಯೇ ತೀರಿತು. 2021ರಲ್ಲಿ ಕಂಪನಿಗಳು ರಾಜಿಯಾದವು. ಗಿಡದೊಳಗೆ ಸೇರಿದ ಗುಣ ಯಾರ ಸ್ವತ್ತು ಎಂಬ ಪ್ರಶ್ನೆ ಅಲ್ಲಿಯೇ ಉಳಿಯಿತು.

ಈಗ ನಮ್ಮ ಲೆಕ್ಕ ನೋಡೋಣ. 450 ಗ್ರಾಂ ಬೋಲ್‌ಗಾರ್ಡ್-2 ಪಾಕೀಟಿಗೆ ಕೇಂದ್ರ ಸರ್ಕಾರ 2016ರಲ್ಲಿ 800 ರೂಪಾಯಿ ಕಟ್ಟಿತ್ತು, ಅದರಲ್ಲಿ ಶುಲ್ಕ 49. 2019ರಲ್ಲಿ ದರ 730, ಶುಲ್ಕ 20. 2020ರಲ್ಲಿ ಶುಲ್ಕ ಸೊನ್ನೆ, ದರ ಮಾತ್ರ ಅದೇ 730! ಹಾಗಾದರೆ ಆ 20 ರೂಪಾಯಿ ಯಾರ ಕಿಸೆ ಸೇರಿತ್ರೀ? 2021ರಲ್ಲಿ 767, 2025ರಲ್ಲಿ 901. ಕೂಲಿ ಏರಿತು, ಖರ್ಚು ಏರಿತು ಅನ್ನುತ್ತಾರೆ. ಏರಿರಬಹುದು, ನಮಗೇನು ಇಳಿದಾವೇನು? ಸಾಲದ್ದಕ್ಕೆ ಗುಲಾಬಿ ಕಾಯಿಕೊರಕ ಈಗ ಈ ಬೀಜದ ಗುಣಕ್ಕೂ ಬಗ್ಗುತ್ತಿಲ್ಲ, ಔಷಧದ ಉದ್ರಿ ಬೇರೆ.

ಗದಗ-ಬೆಟಗೇರಿ ಪೇಟೆಗೆ ಹತ್ತಿ ಒಯ್ದರೆ ಅಂಡಿಗೆ ಬಿಚ್ಚಿ, ತೇವ ಐತಿ, ಕಸ ಐತಿ ಎಂದು ದರ ಮುರಿಯುತ್ತಾರೆ. ಬೀಜದ ಪಾಕೀಟನ್ನೂ ಹಾಗೆಯೇ ಬಿಚ್ಚಿ ತೋರಿಸಲಿ: ಬೀಜ ಬೆಳೆದವನಿಗೆ ಎಷ್ಟು, ಕಂಪನಿಗೆ ಎಷ್ಟು, ಅಂಗಡಿಗೆ ಎಷ್ಟು? ಮುಂದಿನ ದರದ ಆದೇಶ ಹೊರಡುವ ಮೊದಲೇ ನಾಲ್ಕೂ ಊರಿನವರು ಕೃಷಿ ಇಲಾಖೆಗೆ ಹೋಗಿ ಈ ಲೆಕ್ಕವನ್ನು ಬರಹದಲ್ಲಿ ಕೇಳಬೇಕು.